ಐದು ಊರು, ಒಂದೇ ಆಫೀಸ್: ಶಾಖೆಗಳ ಕಂಪ್ಯೂಟರ್‌ಗಳಿಗೆ ವರ್ಚುವಲ್ ಆಫೀಸ್ ಹಂಚುವ ಬಗೆ

ಅರವತ್ತು ಕಂಪ್ಯೂಟರ್‌ಗಳಿರುವ ಒಂದು ಪತ್ತಿನ ಸಹಕಾರ ಸಂಘವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪ್ರಧಾನ ಕಚೇರಿ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಶಾಖೆಗಳು ಧಾರವಾಡ, ಗದಗ, ಹಾವೇರಿ, ಬ್ಯಾಡಗಿಗಳಲ್ಲಿ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ಇದು, ಹಾಗಾಗಿ ಇಂಥ ಸಂಸ್ಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಒಳಗೆ ಹೋಗಿ ನೋಡಿದರೆ ಒಂದೊಂದು ಮೇಜಿನ ಮೇಲೆ ಒಂದೊಂದು ಕಾಲದ ಮೈಕ್ರೋಸಾಫ್ಟ್ ಆಫೀಸ್. ಲೆಕ್ಕಿಗರ ಬಳಿ 2010, ವ್ಯವಸ್ಥಾಪಕರ ಲ್ಯಾಪ್‌ಟಾಪಿನಲ್ಲಿ 2016, ನಗದು ಕೌಂಟರಿನಲ್ಲಿ ಯಾರೋ ಜೋಡಿಸಿಕೊಡುವಾಗ ‘ಸೇರಿಸಿಕೊಟ್ಟ’ ಪರವಾನಗಿಯಿಲ್ಲದ ಪ್ರತಿ. ಇವೆಲ್ಲವನ್ನೂ ಒಂದೇ ಆವೃತ್ತಿಗೆ ತರಬೇಕು, ಅದೂ ಪೆನ್ ಡ್ರೈವ್ ಜೇಬಿನಲ್ಲಿಟ್ಟುಕೊಂಡು ಊರೂರು ಅಲೆಯದೆ. ಎಲ್ಲ ಕಂಪ್ಯೂಟರ್‌ಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ಡೊಮೇನ್ ಸರ್ವರ್ ಇರುವ, ಕಂಪ್ಯೂಟರ್‌ಗಳೆಲ್ಲ ಅದಕ್ಕೆ ಸೇರಿರುವ ಸಂಸ್ಥೆಯಲ್ಲಿ ಈ ಕೆಲಸ ಹೊತ್ತವರಿಗಾಗಿ ಈ ಲೇಖನ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

‘ವರ್ಚುವಲ್ ಆಫೀಸ್’ ಎಂದೊಡನೆ ಹಲವರು ಆ್ಯಪ್-ವಿ ಎಂಬ ಮೈಕ್ರೋಸಾಫ್ಟ್ ತಂತ್ರಾಂಶ ಕಲಿಯಲು ಹೊರಡುತ್ತಾರೆ. ಇದರ ಮೂಲ ಸಾಫ್ಟ್‌ಗ್ರಿಡ್ ಎಂಬ ತಂತ್ರಾಂಶ. ಅದನ್ನು ಕಟ್ಟಿದ ಸಾಫ್ಟ್‌ರಿಸಿಟಿ ಕಂಪನಿಯನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡಿತು. ಕಾರ್ಯಕ್ರಮವನ್ನು ವಿಂಡೋಸ್‌ನ ಮೇಲೆ ಹರವಿ ಕೂರಿಸುವ ಬದಲು, ಅದರದೇ ಕಡತಗಳು ಮತ್ತು ಅದರದೇ ರಿಜಿಸ್ಟ್ರಿ (ಸೆಟ್ಟಿಂಗ್‌ಗಳ ಖಾತೆ) ಇರುವ ಪ್ರತ್ಯೇಕ ಆವರಣದಲ್ಲಿ ಓಡಿಸುವುದು ಇದರ ತಿರುಳು. ಬಾಡಿಗೆದಾರನಿಗೆ ಅಡುಗೆಮನೆ, ಬಚ್ಚಲು, ಬಾಗಿಲು ಎಲ್ಲವನ್ನೂ ಬೇರೆ ಮಾಡಿಕೊಟ್ಟ ಮನೆಯಂತೆ: ಸೂರು ಒಂದೇ, ಜಗಳ ಕಡಿಮೆ.

ಈ ತಂತ್ರ ಇಂದು ಆಫೀಸ್‌ನ ಒಳಗೇ ಇದೆ. 2019ರ ಆವೃತ್ತಿಯಿಂದೀಚೆಗೆ ಸಂಸ್ಥೆಗಳಿಗೆ ಮಾರುವ ಆಫೀಸ್ ಕೂಡ ಕ್ಲಿಕ್-ಟು-ರನ್ ಎಂಬ ಅನುಸ್ಥಾಪನೆಯ ರೂಪದಲ್ಲೇ ಬರುತ್ತದೆ, ಕ್ಲಿಕ್-ಟು-ರನ್ ನಿಂತಿರುವುದೂ ಇದೇ ವರ್ಚುವಲ್ ತಳಹದಿಯ ಮೇಲೆ. ನಂಬಿಕೆ ಬಾರದಿದ್ದರೆ ಪ್ರೋಗ್ರಾಂ ಫೈಲ್ಸ್‌ನಲ್ಲಿ ಮೈಕ್ರೋಸಾಫ್ಟ್ ಆಫೀಸ್ ಫೋಲ್ಡರ್ ತೆರೆಯಿರಿ. ಒಳಗೆ ‘ರೂಟ್’, ಅದರೊಳಗೆ ‘ವಿಎಫ್‌ಎಸ್’ ಎಂಬ ಫೋಲ್ಡರ್ ಸಿಗುತ್ತದೆ. ವರ್ಚುವಲ್ ಫೈಲ್ ಸಿಸ್ಟಮ್ ಎಂದರೆ ಅದೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಆಫೀಸ್ ಹಂಚುವುದಕ್ಕೆಂದೇ ಹೊಸದಾಗಿ ಆ್ಯಪ್-ವಿ ಸರ್ವರ್ ಕಟ್ಟಲು ಹೋಗಬೇಡಿ. ಆಫೀಸನ್ನು ಅದಕ್ಕೆ ಪ್ಯಾಕ್ ಮಾಡುವ ಅಧಿಕೃತ ಕ್ರಮಗಳು 2013 ಮತ್ತು 2016ರ ಪೀಳಿಗೆಗೆ ಬರೆದವು. 2013ರ ಬೆಂಬಲ 2023ರ ಏಪ್ರಿಲ್‌ನಲ್ಲಿ, 2016ರದ್ದು 2025ರ ಅಕ್ಟೋಬರ್ 14ರಂದು ಮುಗಿಯಿತು. ಆ್ಯಪ್-ವಿ ಸರ್ವರ್‌ನ ಬೆಂಬಲಕ್ಕೂ 2026ರ ಏಪ್ರಿಲ್ 14 ಕೊನೆಯ ದಿನ. ಪ್ಯಾಕ್ ಮಾಡುವ ಜಾಣತನಕ್ಕೆ ಇಡುವ ಶ್ರಮವನ್ನು ದಾಸ್ತಾನು ಪಟ್ಟಿ, ಕನ್ನಡ ಅಕ್ಷರ ಶೈಲಿ, ಹಳೆಯ ಮ್ಯಾಕ್ರೋಗಳಿಗೆ ಇಡಿ. ಕೆಲಸ ಕೆಡುವುದು ಅಲ್ಲಿಯೇ.

ದಾಸ್ತಾನು ಪಟ್ಟಿ

ಪ್ರತಿ ಕಂಪ್ಯೂಟರಿನ ವಿಂಡೋಸ್ ಆವೃತ್ತಿ, ಈಗಿರುವ ಆಫೀಸ್, ಅದು 32 ಬಿಟ್‌ನದೋ 64 ಬಿಟ್‌ನದೋ, ಡಿಸ್ಕ್‌ನಲ್ಲಿ ಉಳಿದಿರುವ ಜಾಗ ಇಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಯಾರೂ ಕೇಳದ ಪ್ರಶ್ನೆ ಕೇಳಿ: ಆಫೀಸ್‌ಗೆ ಅಂಟಿಕೊಂಡು ಓಡುವ ಬೇರೆ ತಂತ್ರಾಂಶ ಯಾವುದು? ಸಾಲದ ಬಡ್ಡಿ ಲೆಕ್ಕ ಹಾಕುವ ಹತ್ತು ವರ್ಷ ಹಳೆಯ ಎಕ್ಸೆಲ್ ಮ್ಯಾಕ್ರೋ, ಆಕ್ಸೆಸ್ ದತ್ತಾಂಶ ಓದುವ ಷೇರು ರಿಜಿಸ್ಟರ್, ಸದಸ್ಯರಿಗೆ ನೋಟಿಸ್ ಕಳಿಸುವ ಮೇಲ್ ಮರ್ಜ್, ಡಿಜಿಟಲ್ ಸಹಿಯ ಆ್ಯಡ್-ಇನ್. ಇವುಗಳ ಹೆಸರು ತಾಂತ್ರಿಕ ವಿಭಾಗದವರಿಗೆ ಗೊತ್ತಿರುವುದಿಲ್ಲ. ಕೀರ್ದಿ ಬರೆಯುವ ಗುಮಾಸ್ತರ ಪಕ್ಕ ಅರ್ಧ ದಿನ ಕುಳಿತರೆ ಎಲ್ಲವೂ ಹೊರಬರುತ್ತವೆ.

ಬಿಟ್‌ನ ವಿಷಯ ಇಲ್ಲಿಯೇ ತೀರ್ಮಾನವಾಗಬೇಕು. ಒಂದು ಕಂಪ್ಯೂಟರಿನಲ್ಲಿ 32 ಮತ್ತು 64 ಬಿಟ್‌ನ ಆಫೀಸ್ ಕಾರ್ಯಕ್ರಮಗಳು ಜೊತೆಯಾಗಿ ಬಾಳುವುದಿಲ್ಲ. 32 ಬಿಟ್‌ಗಾಗಿ ಮಾಡಿದ ಆ್ಯಡ್-ಇನ್ 64ರಲ್ಲಿ ತೆರೆಯುವುದಿಲ್ಲ. ವಿಂಡೋಸ್‌ನ ಒಳಗುಟ್ಟುಗಳನ್ನು ಕರೆಯುವ ಹಳೆಯ ಮ್ಯಾಕ್ರೋ ಇದ್ದರೆ ಅದರ ‘ಡಿಕ್ಲೇರ್’ ಸಾಲುಗಳನ್ನು ತಿದ್ದಬೇಕಾಗುತ್ತದೆ. ಆಕ್ಸೆಸ್ ದತ್ತಾಂಶ ಓದುವ ಹೊರಗಿನ ತಂತ್ರಾಂಶವೂ ಆಫೀಸ್‌ನ ಬಿಟ್‌ಗೆ ಹೊಂದಬೇಕು. ಜೊತೆಗೆ ಹಳೆಯ ಕ್ಲಿಕ್-ಟು-ರನ್ ಆವೃತ್ತಿಗಳಲ್ಲಿ ಆಕ್ಸೆಸ್‌ನ ಚಾಲಕ ಆವರಣದ ಒಳಗೇ ಉಳಿದು ಹೊರಗಿನವರಿಗೆ ಕಾಣಿಸುತ್ತಲೇ ಇರಲಿಲ್ಲ. ಹೊಸದಾಗಿ ಶುರು ಮಾಡುವವರಿಗೆ 64 ಬಿಟ್ ಸರಿ. ಷೇರು ರಿಜಿಸ್ಟರ್ ಮಾಡಿಕೊಟ್ಟವರು ಫೋನಿಗೇ ಸಿಗದಿದ್ದರೆ, ಆ ಒಂದು ವಿಭಾಗಕ್ಕೆ 32 ಇರಲಿ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನೂ ಇಲ್ಲ.

ಪರವಾನಗಿ

ಎರಡು ದಾರಿಗಳಿವೆ. ವರ್ಷಕ್ಕೊಮ್ಮೆ ಹಣ ಕಟ್ಟುವ ಮೈಕ್ರೋಸಾಫ್ಟ್ 365 ಒಂದು. ಒಮ್ಮೆ ಕೊಂಡು ಇಟ್ಟುಕೊಳ್ಳುವ ಆಫೀಸ್ ಎಲ್‌ಟಿಎಸ್‌ಸಿ 2024 ಇನ್ನೊಂದು. ಎರಡನೆಯದಕ್ಕೆ 2029ರ ಅಕ್ಟೋಬರ್‌ವರೆಗೆ ಬೆಂಬಲ ಇದೆ. ಇಂಟರ್‌ನೆಟ್ ನೆಚ್ಚಿಕೊಳ್ಳಲಾಗದ ಶಾಖೆಗಳಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಅದರಲ್ಲಿ ಪಬ್ಲಿಷರ್ ಇಲ್ಲ ಎಂಬುದು ನೆನಪಿರಲಿ. ವಾರ್ಷಿಕ ವರದಿ, ಆಮಂತ್ರಣ ಪತ್ರಿಕೆಗಳನ್ನು ಪಬ್ಲಿಷರ್‌ನಲ್ಲಿ ಮಾಡಿಟ್ಟುಕೊಂಡವರು ಈಗಲೇ ಅವುಗಳ ಪಿಡಿಎಫ್ ಪ್ರತಿ ತೆಗೆದಿಡುವುದು ಒಳ್ಳೆಯದು.

ಎಲ್‌ಟಿಎಸ್‌ಸಿ ಆರಿಸಿಕೊಂಡರೆ ಸಕ್ರಿಯಗೊಳಿಸಲು ಕೆಎಂಎಸ್ ಸರ್ವರ್ (ಕಚೇರಿಯ ಒಳಗೇ ಪರವಾನಗಿಗೆ ಒಪ್ಪಿಗೆ ಕೊಡುವ ಸರ್ವರ್) ಇಡಬಹುದು. ಕನಿಷ್ಠ 5 ಕಂಪ್ಯೂಟರ್‌ಗಳು ಕೇಳುವವರೆಗೆ ಅದು ಆಫೀಸ್‌ಗೆ ಒಪ್ಪಿಗೆ ಕೊಡುವುದಿಲ್ಲ. ಕೊಟ್ಟ ಒಪ್ಪಿಗೆ 180 ದಿನ ನಡೆಯುತ್ತದೆ, ಕಂಪ್ಯೂಟರ್ 7 ದಿನಕ್ಕೊಮ್ಮೆ ತಾನಾಗಿ ನವೀಕರಿಸಿಕೊಳ್ಳಲು ನೋಡುತ್ತದೆ. ಪ್ರಯೋಗಕ್ಕೆಂದು ಮೂರೇ ಕಂಪ್ಯೂಟರ್‌ಗಳಿಗೆ ಹಾಕಿ, ಸಕ್ರಿಯವಾಗಲಿಲ್ಲವೆಂದು ತಲೆ ಕೆಡಿಸಿಕೊಳ್ಳುವವರು ಈ ಐದರ ಲೆಕ್ಕ ಮರೆತಿರುತ್ತಾರೆ. ಡೊಮೇನ್‌ನ ಖಾತೆಗಳನ್ನು ಇಟ್ಟುಕೊಳ್ಳುವ ಆ್ಯಕ್ಟಿವ್ ಡೈರೆಕ್ಟರಿ ಮೂಲಕ ಸಕ್ರಿಯಗೊಳಿಸಿದರೆ ಈ ಕನಿಷ್ಠ ಸಂಖ್ಯೆಯ ತಾಪತ್ರಯವಿಲ್ಲ.

ಕಾಲೇಜಿನ ಪ್ರಯೋಗಾಲಯದಂತೆ ಒಂದೇ ಕಂಪ್ಯೂಟರಿಗೆ ಹಲವರು ಕೂರುವ ಕಡೆ 365 ಬಳಸುವುದಾದರೆ ‘ಶೇರ್ಡ್ ಕಂಪ್ಯೂಟರ್’ ಆಯ್ಕೆಯನ್ನು ಮೊದಲೇ ಹಾಕಬೇಕು. ಸಾದಾ ‘ಬಿಸಿನೆಸ್’ ಯೋಜನೆಯಲ್ಲಿ ಅದು ಸಿಗುವುದಿಲ್ಲ. ಬಿಸಿನೆಸ್ ಪ್ರೀಮಿಯಂ ಅಥವಾ ಎಂಟರ್‌ಪ್ರೈಸ್ ಬೇಕು. ಕೊಟೇಷನ್ ಕೇಳುವಾಗಲೇ ಇದನ್ನು ಬಾಯಿಬಿಟ್ಟು ಹೇಳಿ.

ಮೂಲ ಕಡತ ಇಳಿಸಿಕೊಂಡು ಒಂದು ಆದೇಶಪತ್ರ ಬರೆಯುವುದು

ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್ ತೆಗೆದುಕೊಳ್ಳಿ. ಬಿಚ್ಚಿದರೆ ಒಂದು ಸೆಟಪ್ ಕಡತ, ಮಾದರಿಗೆಂದು ಕೆಲವು ಎಕ್ಸ್‌ಎಂಎಲ್ ಕಡತಗಳು ಸಿಗುತ್ತವೆ. ಯಾವ ಉತ್ಪನ್ನ, ಯಾವ ಭಾಷೆ, ಯಾವುದನ್ನು ಬಿಡಬೇಕು, ಎಲ್ಲಿಂದ ತರಬೇಕು ಎಂದು ಸೆಟಪ್‌ಗೆ ಹೇಳುವುದು ಆ ಎಕ್ಸ್‌ಎಂಎಲ್ ಕಡತವೇ. ಕೈಯಿಂದ ಬರೆಯಬಹುದು, ಆಫೀಸ್ ಕಸ್ಟಮೈಸೇಷನ್ ಟೂಲ್‌ನಲ್ಲಿ ಆಯ್ಕೆಗಳಿಗೆ ಗುರುತು ಹಾಕುತ್ತ ಹೋದರೆ ಅದೇ ಬರೆದುಕೊಡುತ್ತದೆ. ಆವರಣ ಚಿಹ್ನೆ ಒಂದು ತಪ್ಪಿದರೂ ಸೆಟಪ್ ಮುನಿಸಿಕೊಳ್ಳುವುದರಿಂದ ಎರಡನೆಯದೇ ಲೇಸು.

ಅದರೊಳಗೆ ಗಮನಿಸಬೇಕಾದವು ಕೆಲವು ಇವೆ. ಭಾಷೆಯಲ್ಲಿ ಮೊದಲು ಇಂಗ್ಲಿಷ್, ಎರಡನೆಯದಾಗಿ ಕನ್ನಡ. ಆಫೀಸ್‌ನ ಲೆಕ್ಕದಲ್ಲಿ ಕನ್ನಡದ್ದು ಭಾಗಶಃ ಭಾಷಾ ಪ್ಯಾಕ್, ಅದಕ್ಕೆ ಕೆಳಗೊಂದು ಪೂರ್ಣ ಭಾಷೆ ಆಧಾರವಾಗಿರಬೇಕು. ಎಂಎಸ್‌ಐ (ವಿಂಡೋಸ್‌ನ ಹಳೆಯ ಬಗೆಯ ಅನುಸ್ಥಾಪನಾ ಕಡತ) ರೂಪದ 2010, 2013, 2016 ಆಫೀಸ್‌ಗಳನ್ನು ಕಿತ್ತುಹಾಕುವ ‘ರಿಮೂವ್ ಎಂಎಸ್‌ಐ’ ಸಾಲು ಇರಲಿ. ತೆರೆಯ ಮೇಲೆ ಏನೂ ಕೇಳದಂತೆ ಪ್ರದರ್ಶನ ಮಟ್ಟವನ್ನು ‘ನನ್’ ಎಂದಿಟ್ಟು, ಒಪ್ಪಂದಕ್ಕೆ ಮೊದಲೇ ಸಮ್ಮತಿ ಕೊಟ್ಟುಬಿಡಿ. ತೆರೆದಿರುವ ಆಫೀಸ್ ಕಾರ್ಯಕ್ರಮಗಳನ್ನು ಬಲವಂತವಾಗಿ ಮುಚ್ಚಿಸುವ ಆಯ್ಕೆಯೂ ಇದೆ. ಕೌಂಟರ್ ನಡೆಯುವ ಹೊತ್ತಿನಲ್ಲಿ ಅದನ್ನು ಹಾಕಿದರೆ ಉಳಿಸದ ಪತ್ರಕಗಳೆಲ್ಲ ಹೋಗುತ್ತವೆ, ಬೈಗುಳ ನಿಮ್ಮ ಪಾಲಿಗೆ ಬರುತ್ತದೆ.

ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೆಟಪ್ ಕಡತದ ಹೆಸರಿನ ಮುಂದೆ ಓರೆಗೆರೆ ಹಾಕಿ ‘ಡೌನ್‌ಲೋಡ್’ ಎಂದು, ಅದರ ಮುಂದೆ ನಿಮ್ಮ ಎಕ್ಸ್‌ಎಂಎಲ್ ಕಡತದ ಹೆಸರು ಬರೆದು ಎಂಟರ್ ಒತ್ತಿ. ತೆರೆಯ ಮೇಲೆ ಏನೂ ಕಾಣಿಸುವುದಿಲ್ಲ, ಕರ್ಸರ್ ಮಿನುಗುತ್ತ ಕುಳಿತಿರುತ್ತದೆ. ಕೆಟ್ಟಿತೆಂದು ಮುಚ್ಚಬೇಡಿ, ಎರಡು ಜಿಬಿಗೂ ಮಿಕ್ಕಿದ ಕಡತಗಳು ಇಳಿಯುತ್ತಿರುತ್ತವೆ. ಹೇಳಿದ ಫೋಲ್ಡರಿನಲ್ಲಿ ‘ಆಫೀಸ್’, ಅದರೊಳಗೆ ‘ಡೇಟಾ’ ಮೂಡಿ ಕರ್ಸರ್ ಹೊಸ ಸಾಲಿಗೆ ಬಂದರೆ ಮುಗಿಯಿತು. ಅನುಸ್ಥಾಪಿಸಲು ಇದೇ ಸಾಲಿನಲ್ಲಿ ‘ಡೌನ್‌ಲೋಡ್’ ಇದ್ದ ಕಡೆ ‘ಕಾನ್ಫಿಗರ್’.

ಸಾಮಾನ್ಯವಾಗಿ ಎಡವುವ ಜಾಗ

ಈ ಕಡತಗಳನ್ನು ಸರ್ವರ್‌ನ ಹಂಚಿಕೆ ಫೋಲ್ಡರಿನಲ್ಲಿಟ್ಟು, ಕಂಪ್ಯೂಟರ್ ಶುರುವಾಗುವಾಗಲೇ ಓಡುವ ಒಂದು ಸ್ಕ್ರಿಪ್ಟ್ ಅನ್ನು ಗ್ರೂಪ್ ಪಾಲಿಸಿಯಲ್ಲಿ (ಡೊಮೇನ್ ಸರ್ವರ್‌ನಿಂದ ಎಲ್ಲ ಕಂಪ್ಯೂಟರ್‌ಗಳಿಗೂ ಹೋಗುವ ನಿಯಮಗಳಲ್ಲಿ) ಸೇರಿಸಬೇಕು. ಗ್ರೂಪ್ ಪಾಲಿಸಿಯ ‘ಸಾಫ್ಟ್‌ವೇರ್ ಇನ್‌ಸ್ಟಾಲೇಷನ್’ ಭಾಗ ಇಲ್ಲಿ ಪ್ರಯೋಜನಕ್ಕಿಲ್ಲ. ಅದಕ್ಕೆ ಎಂಎಸ್‌ಐ ಬೇಕು, ಕ್ಲಿಕ್-ಟು-ರನ್‌ನಲ್ಲಿ ಅದು ಇಲ್ಲ. ಕಂಪ್ಯೂಟರ್ ಕಾನ್ಫಿಗರೇಷನ್, ವಿಂಡೋಸ್ ಸೆಟ್ಟಿಂಗ್ಸ್, ಸ್ಕ್ರಿಪ್ಟ್ಸ್, ಸ್ಟಾರ್ಟಪ್: ದಾರಿ ಇದು.

ಸ್ಕ್ರಿಪ್ಟ್ ಓಡುವುದು ಬಳಕೆದಾರರ ಹೆಸರಿನಲ್ಲಿ ಅಲ್ಲ, ಕಂಪ್ಯೂಟರಿನ ಹೆಸರಿನಲ್ಲಿ. ಹಂಚಿಕೆ ಫೋಲ್ಡರಿಗೆ ‘ಡೊಮೇನ್ ಯೂಸರ್ಸ್’ಗೆ ಮಾತ್ರ ಅನುಮತಿ ಕೊಟ್ಟರೆ ನೀವು ಕೈಯಿಂದ ಓಡಿಸಿದಾಗ ಎಲ್ಲ ಸರಿಯಾಗಿ ನಡೆಯುತ್ತದೆ, ಬೆಳಿಗ್ಗೆ ತಾನಾಗಿ ಓಡಿದಾಗ ಏನೂ ಆಗುವುದಿಲ್ಲ. ‘ಡೊಮೇನ್ ಕಂಪ್ಯೂಟರ್ಸ್’ ಗುಂಪಿಗೆ ಓದುವ ಅನುಮತಿ ಬೇಕು, ಹಂಚಿಕೆಯ ಮಟ್ಟದಲ್ಲೂ ಫೋಲ್ಡರಿನ ಭದ್ರತೆಯ ಮಟ್ಟದಲ್ಲೂ.

ಸಮಯದ ಮಿತಿಯೂ ಒಂದಿದೆ. ಗ್ರೂಪ್ ಪಾಲಿಸಿ ತನ್ನ ಸ್ಕ್ರಿಪ್ಟ್‌ಗಳಿಗೆ ಕಾಯುವುದು 600 ಸೆಕೆಂಡ್ ಮಾತ್ರ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಹತ್ತು ನಿಮಿಷದಲ್ಲಿ ಆಫೀಸ್ ಮುಗಿಯುತ್ತದೆ ಎಂಬ ಭರವಸೆ ಇಲ್ಲ. ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್‌ನ ಸಿಸ್ಟಮ್, ಸ್ಕ್ರಿಪ್ಟ್ಸ್ ಭಾಗದಲ್ಲಿ ಈ ಮಿತಿಯನ್ನು 3600ಕ್ಕೆ ಏರಿಸಿ. ಅಲ್ಲೇ ಹತ್ತಿರದಲ್ಲಿ, ಲಾಗಿನ್‌ಗೆ ಮೊದಲು ನೆಟ್‌ವರ್ಕ್‌ಗಾಗಿ ಕಾಯಬೇಕೆಂಬ ನೀತಿಯನ್ನೂ ಜಾರಿ ಮಾಡಿ.

ಇನ್ನು ಎಲ್ಲರನ್ನೂ ದಿಕ್ಕು ತಪ್ಪಿಸುವ ಸಂಗತಿ ಫಾಸ್ಟ್ ಸ್ಟಾರ್ಟಪ್. ಸಂಜೆ ‘ಶಟ್ ಡೌನ್’ ಒತ್ತಿ ಮನೆಗೆ ಹೋದವರ ಕಂಪ್ಯೂಟರ್ ನಿಜವಾಗಿ ಪೂರ್ತಿ ಮುಚ್ಚಿರುವುದಿಲ್ಲ. ವಿಂಡೋಸ್‌ನ ಒಳತಿರುಳು ಡಿಸ್ಕ್‌ನಲ್ಲಿ ನಿದ್ದೆ ಮಾಡುತ್ತಿರುತ್ತದೆ. ಬೆಳಿಗ್ಗೆ ಅದು ಎಚ್ಚರಗೊಳ್ಳುತ್ತದೆಯೇ ಹೊರತು ಹೊಸದಾಗಿ ಶುರುವಾಗುವುದಿಲ್ಲ, ಹಾಗಾಗಿ ಸ್ಟಾರ್ಟಪ್ ಸ್ಕ್ರಿಪ್ಟ್ ಓಡದೇ ಹೋಗಬಹುದು. ‘ರೀಸ್ಟಾರ್ಟ್’ ಮಾಡಿದರೆ ಮಾತ್ರ ಓಡುತ್ತದೆ. ಸರ್ವರ್ ಕೋಣೆಯಲ್ಲಿ ಕುಳಿತು ಸ್ಕ್ರಿಪ್ಟ್‌ನಲ್ಲಿ ತಪ್ಪು ಹುಡುಕುವ ಬದಲು ಗ್ರೂಪ್ ಪಾಲಿಸಿಯಿಂದ ಫಾಸ್ಟ್ ಸ್ಟಾರ್ಟಪ್ ಅನ್ನು ನಿಲ್ಲಿಸಿ, ಹೇಳಿದ ದಿನ ಎಲ್ಲರೂ ರೀಸ್ಟಾರ್ಟ್ ಮಾಡಿ ಹೋಗಬೇಕೆಂದು ಸೂಚನಾ ಫಲಕಕ್ಕೆ ಕನ್ನಡದಲ್ಲಿ ಒಂದು ಚೀಟಿ ಹಚ್ಚಿ. ಚೀಟಿಯೇ ಹೆಚ್ಚು ಕೆಲಸ ಮಾಡುತ್ತದೆ.

ಆಫೀಸ್ ಈಗಾಗಲೇ ಕುಳಿತಿದೆಯೇ ಎಂದು ಸ್ಕ್ರಿಪ್ಟ್ ಮೊದಲು ನೋಡಬೇಕು. ರಿಜಿಸ್ಟ್ರಿಯಲ್ಲಿ ಆಫೀಸ್‌ನ ಕೆಳಗೆ ಕ್ಲಿಕ್-ಟು-ರನ್, ಅದರ ಕೆಳಗೆ ಕಾನ್ಫಿಗರೇಷನ್ ಎಂಬ ಕೀ ಇದ್ದು, ಉತ್ಪನ್ನದ ಹೆಸರು ನೀವು ಬಯಸಿದ್ದೇ ಆಗಿದ್ದರೆ ಸುಮ್ಮನೆ ಹೊರಬರಲಿ. ಕೀ ಇದೆ ಎಂದಷ್ಟೇ ನೋಡಿದರೆ, ಅಂಗಡಿಯಿಂದ ಬರುವಾಗಲೇ ಮನೆಬಳಕೆಯ ಆಫೀಸ್ ಇದ್ದ ಲ್ಯಾಪ್‌ಟಾಪ್‌ಗಳು ತಪ್ಪಿಸಿಕೊಳ್ಳುತ್ತವೆ.

ಪರವಾನಗಿಯಿಲ್ಲದ ಪ್ರತಿ ಇದ್ದ ಕಂಪ್ಯೂಟರ್‌ಗಳನ್ನು ಈ ಸಾಲಿಗೆ ಸೇರಿಸಲೇಬೇಡಿ. ಅವುಗಳಲ್ಲಿ ಆಫೀಸ್‌ನ ಜೊತೆಗೆ ‘ಆ್ಯಕ್ಟಿವೇಟರ್’ ಎಂಬ ಕಳ್ಳ ತಂತ್ರಾಂಶವೂ, ಅದನ್ನು ಹಿಡಿಯದಂತೆ ಆ್ಯಂಟಿವೈರಸ್‌ಗೆ ಕೊಟ್ಟ ವಿನಾಯಿತಿಯೂ ಕುಳಿತಿರಬಹುದು. ಹಣಕಾಸಿನ ಸಂಸ್ಥೆಯಲ್ಲಿ ಅಂಥ ಯಂತ್ರಕ್ಕೆ ಒಂದೇ ಔಷಧ: ದತ್ತಾಂಶ ತೆಗೆದಿಟ್ಟು ವಿಂಡೋಸನ್ನೇ ಹೊಸದಾಗಿ ಹಾಕುವುದು.

ಕನ್ನಡದ ಕೆಲಸ

ಆಫೀಸ್ ಬದಲಾದ ಮರುದಿನ ಬರುವ ದೂರುಗಳಲ್ಲಿ ಹೆಚ್ಚಿನವು ಆಫೀಸ್‌ನವಲ್ಲ, ಕನ್ನಡದವು. ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರ ಶೈಲಿಯಲ್ಲಿ ಬೆರಳಚ್ಚಾದ ಠರಾವುಗಳು ಸಾವಿರಾರು ಇರುತ್ತವೆ. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತ ಕೆಟ್ಟಿಲ್ಲ, ಅಕ್ಷರ ಶೈಲಿ ಇಲ್ಲ, ಅಷ್ಟೇ. ಈಗಿನ ವಿಂಡೋಸ್‌ನಲ್ಲಿ ಅಕ್ಷರ ಶೈಲಿಯ ಕಡತ ತೆರೆದು ‘ಇನ್‌ಸ್ಟಾಲ್’ ಒತ್ತಿದರೆ ಅದು ಒತ್ತಿದವರ ಖಾತೆಗೆ ಮಾತ್ರ ಸೇರುತ್ತದೆ. ಬಲ ಕ್ಲಿಕ್ ಮಾಡಿ ಎಲ್ಲ ಬಳಕೆದಾರರಿಗೂ ಸೇರಿಸುವ ಆಯ್ಕೆ ಆರಿಸಬೇಕು. ಇಲ್ಲದಿದ್ದರೆ ಬೆಳಗಿನ ಪಾಳಿಯ ಗುಮಾಸ್ತರಿಗೆ ಕಾಣುವ ಕನ್ನಡ ಮಧ್ಯಾಹ್ನದ ಪಾಳಿಯವರಿಗೆ ಕಾಣುವುದಿಲ್ಲ.

ಇನ್ನೊಂದು ತೊಡಕು ನಯವಾದದ್ದು. ಹಳೆಯ ಯುನಿಕೋಡ್ ಪತ್ರಗಳು ಬಹುಪಾಲು ತುಂಗಾ ಅಕ್ಷರ ಶೈಲಿಯಲ್ಲಿರುತ್ತವೆ. ವಿಂಡೋಸ್ 10ರಿಂದೀಚೆಗೆ ತುಂಗಾ ಐಚ್ಛಿಕ ಘಟಕವಾಗಿದೆ. ಕನ್ನಡದ ಪೂರಕ ಅಕ್ಷರ ಶೈಲಿಗಳೆಂಬ ಘಟಕವನ್ನು ಸೇರಿಸದ ಕಂಪ್ಯೂಟರಿನಲ್ಲಿ ವರ್ಡ್ ಆ ಜಾಗದಲ್ಲಿ ನಿರ್ಮಲಾ ಶೈಲಿಯನ್ನು ಬಳಸುತ್ತದೆ. ಅಕ್ಷರಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಆದರೆ ಅಗಲ ಬೇರೆ, ಸಾಲು ಮುರಿಯುವ ಜಾಗ ಬೇರೆ. ಮೂರು ಪುಟದ ನಡಾವಳಿ ನಾಲ್ಕನೆಯ ಪುಟಕ್ಕೆ ಚಾಚಿ, ಅಧ್ಯಕ್ಷರ ಸಹಿಯ ಸಾಲೊಂದೇ ಅಲ್ಲಿ ಹೋಗಿ ನಿಲ್ಲುತ್ತದೆ. ಕಾರ್ಯದರ್ಶಿಗಳು ‘ಹೊಸ ಆಫೀಸ್ ಸರಿಯಿಲ್ಲ’ ಎಂದು ಹೇಳುವುದು ಇದನ್ನು ನೋಡಿಯೇ. ಆಫೀಸ್ ಹಂಚುವ ಮೊದಲೇ ಈ ಘಟಕವನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಸೇರಿಸಿ.

ಪ್ರಯೋಗ, ಆಮೇಲೆ ಶಾಖೆಗಳು

ಮೊದಲ ಸುತ್ತಿಗೆ ಪ್ರಧಾನ ಕಚೇರಿಯ ಐದಾರು ಕಂಪ್ಯೂಟರ್‌ಗಳು ಸಾಕು. ಹೊಸ, ಚುರುಕಾದ ಯಂತ್ರಗಳನ್ನು ಆರಿಸಬೇಡಿ. ಅತಿ ಹಳೆಯದು ಒಂದು, ಮ್ಯಾಕ್ರೋ ಬಳಸುವ ಲೆಕ್ಕಿಗರದು ಒಂದು, ಕನ್ನಡ ಬೆರಳಚ್ಚಿನದು ಒಂದು, ಪಾಸ್‌ಬುಕ್ ಮುದ್ರಿಸುವ ಕೌಂಟರಿನದು ಒಂದು ಹೀಗಿರಲಿ. ಎರಡು ವಾರ ನಿಜವಾದ ಕೆಲಸ ಅದರಲ್ಲೇ ನಡೆಯಲಿ.

ಯಾವಾಗ ಎಂಬುದಕ್ಕೆ ಪಂಚಾಂಗ ಬೇಡ, ಕಚೇರಿಯ ಕ್ಯಾಲೆಂಡರ್ ಬೇಕು. ಮಾರ್ಚ್ ತಿಂಗಳು ವರ್ಷಾಂತ್ಯದ ಲೆಕ್ಕ, ಆಗ ಯಾರ ಕಂಪ್ಯೂಟರನ್ನೂ ಮುಟ್ಟುವಂತಿಲ್ಲ. ಬ್ಯಾಡಗಿ ಶಾಖೆಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಕೂಡುವ ಸೋಮವಾರ, ಗುರುವಾರ ಬೇಡ. ಜನವರಿಯಿಂದ ಆವಕ ಏರಿದ ಮೇಲಂತೂ ಬೇಡವೇ ಬೇಡ. ಎರಡನೆಯ ಅಥವಾ ನಾಲ್ಕನೆಯ ಶನಿವಾರ ರಜೆ ಇರುವ ಕಚೇರಿಗಳಿಗೆ ಅದರ ಹಿಂದಿನ ಸಂಜೆ ಹೇಳಿ ಮಾಡಿಸಿದ ಹೊತ್ತು.

ಶಾಖೆಗಳ ಕಂಪ್ಯೂಟರ್‌ಗಳು ಹುಬ್ಬಳ್ಳಿಯ ಸರ್ವರ್‌ನಿಂದ ನೇರವಾಗಿ ಎಳೆದುಕೊಳ್ಳಬಾರದು. ಹತ್ತು ಯಂತ್ರಗಳು ಒಟ್ಟಿಗೆ ಎರಡೆರಡು ಜಿಬಿ ಎಳೆದರೆ ಗದಗ ಶಾಖೆಯ ಲೈನ್ ಉಸಿರುಗಟ್ಟುತ್ತದೆ. ಪ್ರತಿ ಶಾಖೆಯಲ್ಲಿ ಯುಪಿಎಸ್ ಇರುವ ಒಂದು ಕಂಪ್ಯೂಟರಿನಲ್ಲಿ ಹಂಚಿಕೆ ಫೋಲ್ಡರ್ ಮಾಡಿ, ರಾತ್ರಿ ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಎಂಬ ನಕಲು ಆಜ್ಞೆಯಿಂದ ಮೂಲ ಕಡತಗಳನ್ನು ಅಲ್ಲಿಗೆ ಕಳಿಸಿ. ‘ಝಡ್’ ಆಯ್ಕೆ ಹಾಕಿದರೆ ಕರೆಂಟ್ ಹೋಗಿ ಬಂದ ಮೇಲೆ ನಿಂತಲ್ಲಿಂದ ಮುಂದುವರಿಸುತ್ತದೆ. ಶಾಖೆಗೊಂದು ಎಕ್ಸ್‌ಎಂಎಲ್ ಇರಲಿ, ಬದಲಾಗುವುದು ಮೂಲದ ದಾರಿ ಮಾತ್ರ. ಗ್ರೂಪ್ ಪಾಲಿಸಿಯನ್ನೂ ಶಾಖೆಗೊಂದರಂತೆ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಆಯಾ ಶಾಖೆಯ ಘಟಕಕ್ಕೆ (ಆರ್ಗನೈಸೇಷನಲ್ ಯೂನಿಟ್) ಜೋಡಿಸಿ, ಧಾರವಾಡ ಮುಗಿದ ಮೇಲೆ ಗದಗ, ಆಮೇಲೆ ಹಾವೇರಿ ಎಂದು ಒಂದೊಂದಾಗಿ ತೆರೆಯಿರಿ. ಕಂಪ್ಯೂಟರ್‌ಗಳನ್ನು ದೂರದಿಂದ ನಿರ್ವಹಿಸುವ ಇನ್‌ಟ್ಯೂನ್ ಅಥವಾ ಕಾನ್ಫಿಗರೇಷನ್ ಮ್ಯಾನೇಜರ್ ಇರುವ ದೊಡ್ಡ ಸಂಸ್ಥೆಗಳಿಗೆ ಈ ಕೈಗೆಲಸ ಬೇಡ. ಆಫೀಸ್ ಹಂಚುವ ಸಿದ್ಧ ವ್ಯವಸ್ಥೆ ಅವುಗಳಲ್ಲಿಯೇ ಇದೆ.

ಆ್ಯಪ್-ವಿ ಬಿಟ್ಟರೆ ಗತಿಯಿಲ್ಲ ಎನ್ನುವವರಿಗೆ

ಹಳೆಯ ಆ್ಯಪ್-ವಿ ಏರ್ಪಾಡು ಈಗಲೂ ಓಡುತ್ತಿರುವ ಕಚೇರಿಗಳಿವೆ. ಅದನ್ನು ಬದಲಿಸುವವರೆಗೆ ಸಂಭಾಳಿಸಲು ಇಷ್ಟು ತಿಳಿದಿದ್ದರೆ ಸಾಕು. ಕ್ಲೈಂಟ್ ಭಾಗ 2016ರಿಂದ ವಿಂಡೋಸ್‌ನ ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲೇ ಸೇರಿದೆ, ಪವರ್‌ಶೆಲ್‌ನ ಒಂದು ಆಜ್ಞೆಯಿಂದ ಎಚ್ಚರಿಸಿದರಾಯಿತು. ಪ್ರೊ ಆವೃತ್ತಿಯಲ್ಲಿ ಇಲ್ಲ, ಹುಡುಕಬೇಡಿ. ಆಫೀಸನ್ನು ಆ್ಯಪ್-ವಿಯ ಪ್ಯಾಕಿಂಗ್ ಸಾಧನವಾದ ಸೀಕ್ವೆನ್ಸರ್‌ನಿಂದ ಪ್ಯಾಕ್ ಮಾಡುವಂತಿಲ್ಲ. ಡಿಪ್ಲಾಯ್‌ಮೆಂಟ್ ಟೂಲ್‌ನ ‘ಪ್ಯಾಕೇಜರ್’ ಆಜ್ಞೆಯಿಂದಲೇ ಮಾಡಬೇಕು. ವಿಸಿಯೋ, ಪ್ರಾಜೆಕ್ಟ್ ಬೇಕಿದ್ದರೆ ಅವೂ ಅದೇ ಪ್ಯಾಕೇಜಿನಲ್ಲಿರಬೇಕು. ಪ್ರಕಟಿಸುವುದು ಇಡೀ ಕಂಪ್ಯೂಟರಿಗೆ, ಬಳಕೆದಾರರೊಬ್ಬರಿಗೆ ಅಲ್ಲ. ಆ್ಯಡ್-ಇನ್ ಬೇರೆ ಪ್ಯಾಕೇಜಿನಲ್ಲಿದ್ದರೆ ಎರಡನ್ನೂ ಕನೆಕ್ಷನ್ ಗ್ರೂಪ್‌ನಿಂದ ಕೂಡಿಸಬೇಕು, ಇಲ್ಲವಾದರೆ ಒಂದರ ಮುಖ ಇನ್ನೊಂದಕ್ಕೆ ಕಾಣುವುದಿಲ್ಲ.

ನವೀಕರಣ

ನವೀಕರಣವನ್ನು ನಿಲ್ಲಿಸಿಡುವ ಚಟ ಕೆಲವರಿಗಿದೆ, ಇಂಟರ್‌ನೆಟ್ ಉಳಿಯುತ್ತದೆಂದು. ಠೇವಣಿದಾರರ ವಿವರ ಇರುವ ಕಂಪ್ಯೂಟರಿನಲ್ಲಿ ಅದು ಸಲ್ಲದು. 365 ಬಳಸುವವರು ತಿಂಗಳಿಗೊಮ್ಮೆ ನಿಗದಿತ ದಿನ ಬರುವ ‘ಮಂತ್ಲಿ ಎಂಟರ್‌ಪ್ರೈಸ್’ ಚಾನೆಲ್ ಆರಿಸಿಕೊಂಡರೆ ಅನಿರೀಕ್ಷಿತ ಬದಲಾವಣೆ ಕಡಿಮೆ. ಎಲ್‌ಟಿಎಸ್‌ಸಿಗೆ ಹೊಸ ಸೌಲಭ್ಯ ಬರುವುದಿಲ್ಲ, ಭದ್ರತೆಯ ಮತ್ತು ದೋಷ ತಿದ್ದುವ ನವೀಕರಣ ಮಾತ್ರ. ಎರಡರಲ್ಲೂ ನವೀಕರಣದ ದಾರಿಯನ್ನು ಶಾಖೆಯ ಹಂಚಿಕೆ ಫೋಲ್ಡರಿಗೆ ತಿರುಗಿಸಬಹುದು. ಹಾಗೆ ಮಾಡಿದರೆ ತಿಂಗಳಿಗೊಮ್ಮೆ ‘ಡೌನ್‌ಲೋಡ್’ ಆಜ್ಞೆಯನ್ನು ಮತ್ತೆ ಓಡಿಸಿ ಹೊಸ ಕಡತಗಳನ್ನು ಅಲ್ಲಿಗೆ ತಲುಪಿಸುವ ಹೊಣೆ ನಿಮ್ಮದು, ಮರೆತರೆ ನವೀಕರಣವೂ ನಿಂತಂತೆಯೇ.

ಎಲ್ಲ ಶಾಖೆಗಳು ಮುಗಿದ ಮೇಲೂ ಆ ಗ್ರೂಪ್ ಪಾಲಿಸಿಯನ್ನು ತೆಗೆಯಬೇಡಿ. ಹೊಸ ಕಂಪ್ಯೂಟರ್ ಬಂದಾಗ ಡೊಮೇನ್‌ಗೆ ಸೇರಿಸಿ, ಆಯಾ ಶಾಖೆಯ ಘಟಕದಲ್ಲಿಟ್ಟು ಎರಡು ಸಲ ರೀಸ್ಟಾರ್ಟ್ ಮಾಡಿದರೆ ಆಫೀಸ್ ತಾನಾಗಿ ಬರುತ್ತದೆ. ದಾಸ್ತಾನು ಹಾಳೆಯಲ್ಲಿ ಅದರ ಹೆಸರು, ಪರವಾನಗಿಯ ಲೆಕ್ಕ ಬರೆದಿಡುವ ಕೆಲಸ ಮಾತ್ರ ಕೈಯಿಂದಲೇ ಆಗಬೇಕು. ಲೆಕ್ಕ ಪರಿಶೋಧಕರು ಬಂದಾಗ ಕೇಳುವುದು ಆ ಹಾಳೆಯನ್ನೇ.